ಕವರ್ ಹಿಂದಿನ ಸಣ್ಣಕ್ಷರ

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ ಅಮೆರಿಕದ ರಾಕ್ ತಂಡ ನಿರ್ವಾಣದ ಮೊದಲ ಆಲ್ಬಂ ‘ಬ್ಲೀಚ್’ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನಾಲ್ಕೇ ಸಾಲು. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ, ಉಳಿದ ಎರಡು ಪುಟ ಯಾಕೆ ಬರೆದೆನೋ ಅನ್ನಿಸುತ್ತದೆ. ಇರಲಿ, ಈ ಸಲದ ಜಾಗವೆಲ್ಲ ಅದಕ್ಕೇ.

ಹೊಸ ಓದುಗರಿಗೆ ಒಂದು ಮಾತು. ನಾನು ಸಂಗೀತ ವಿಮರ್ಶಕಿ ಅಲ್ಲ. ಇಪ್ಪತ್ತಾರು ವರ್ಷ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಗುಂಡಿ ತಿರುಗಿಸಿದವಳು. ಅದರಲ್ಲಿ ಮೊದಲ ಹತ್ತು ವರ್ಷ ಟೇಪಿನ ಮೇಲೆ. ಹಾಗಾಗಿ ಆಲ್ಬಂ ಕೈಗೆ ಬಂದರೆ ಹಾಡು ಕೇಳುವ ಮೊದಲೇ ಕವರ್ ತಿರುಗಿಸುತ್ತೇನೆ. ಯಾರು ನುಡಿಸಿದರು, ಯಾರು ಧ್ವನಿ ಹಿಡಿದರು, ಎಲ್ಲಿ ಹಿಡಿದರು, ಎಲ್ಲ ಓದಿ ಆಮೇಲೆ ಹಾಡು. ಕೆಲವರು ಪೇಪರ್ ಬಂದ ಕೂಡಲೇ ನಿಧನ ವಾರ್ತೆಯ ಪುಟ ತೆಗೆಯುತ್ತಾರಲ್ಲ, ಹಾಗೆ.

ಪ್ರಶ್ನೆ: ‘ಬ್ಲೀಚ್’ನಲ್ಲಿ ಡೇವ್ ಗ್ರೋಲ್ ಅವರ ಡ್ರಮ್ ಕೇಳಿ ಎಂದು ಬರೆದಿದ್ದೀರಿ. ಅವರು ಆಗ ತಂಡದಲ್ಲೇ ಇರಲಿಲ್ಲ. ಅಂಕಣ ಕಳಿಸುವ ಮೊದಲು ಒಮ್ಮೆ ನೋಡಿಕೊಳ್ಳಬಾರದೇ?

ತಪ್ಪು ನನ್ನದೇ. ಕವರ್ ಹಿಂದಿನ ಸಣ್ಣಕ್ಷರದ ಬಗ್ಗೆ ಉಪದೇಶ ಮಾಡುವವಳೇ ಅದನ್ನು ಓದದೆ ಬರೆದರೆ ಹೀಗಾಗುತ್ತದೆ. ಆಲ್ಬಂ ಬಂದದ್ದು 1989ರ ಜೂನ್‌ನಲ್ಲಿ. ಗ್ರೋಲ್ ತಂಡ ಸೇರಿದ್ದು 1990ರ ಸೆಪ್ಟೆಂಬರ್‌ನಲ್ಲಿ.

‘ಬ್ಲೀಚ್’ನಲ್ಲಿ ಹೆಚ್ಚಿನ ಹಾಡುಗಳಿಗೆ ಡ್ರಮ್ ಬಾರಿಸಿದವರು ಚಾಡ್ ಚ್ಯಾನಿಂಗ್. ‘ಫ್ಲಾಯ್ಡ್ ದಿ ಬಾರ್ಬರ್’ ಮತ್ತು ‘ಪೇಪರ್ ಕಟ್ಸ್’ ಹಾಡುಗಳಲ್ಲಿ ಮಾತ್ರ ಮೆಲ್ವಿನ್ಸ್ ತಂಡದ ಡೇಲ್ ಕ್ರೋವರ್ ಇದ್ದಾರೆ. ಗಮನವಿಟ್ಟು ಕೇಳಿದರೆ ಇಬ್ಬರ ಕೈ ಬೇರೆ ಎಂದು ಗೊತ್ತಾಗುತ್ತದೆ. ಕ್ರೋವರ್ ಬಾರಿಸುವುದು ಒನಕೆಯಲ್ಲಿ ಕುಟ್ಟಿದ ಹಾಗೆ. ಚ್ಯಾನಿಂಗ್ ಕೈ ಹಗುರ, ಸ್ವಲ್ಪ ಜಾರುತ್ತದೆ, ಆದರೆ ಲಯದಲ್ಲಿ ಒಂದು ತೂಗಾಟ ಇದೆ.

ಚ್ಯಾನಿಂಗ್ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಪಕ್ಷಪಾತ. 1990ರಲ್ಲಿ ಅವರು ತಂಡ ಬಿಟ್ಟರು. ಮುಂದಿನ ವರ್ಷ ತಂಡದ ಎರಡನೇ ಆಲ್ಬಂ ‘ನೆವರ್‌ಮೈಂಡ್’ ಬಂತು, ಲೋಕವೆಲ್ಲ ಕುಣಿಯಿತು. ಅದರಲ್ಲಿ ‘ಪಾಲಿ’ ಎಂಬ ಹಾಡಿದೆ. ಆ ಹಾಡನ್ನು 1990ರ ಏಪ್ರಿಲ್‌ನಲ್ಲೇ ಹಿಡಿದಿದ್ದರು. ಅದರಲ್ಲಿ ಅಲ್ಲೊಂದು ಇಲ್ಲೊಂದು ಕೇಳುವ ತಾಳದ ತಟ್ಟು ಚ್ಯಾನಿಂಗ್ ಅವರದು. ಕವರ್ ಮೇಲೆ ಹೆಸರಿಲ್ಲ. ಅದೇ ಆಲ್ಬಂನ ‘ಇನ್ ಬ್ಲೂಮ್’ ಹಾಡಿನ ಡ್ರಮ್ ನಡೆಯನ್ನೂ ಕಟ್ಟಿದವರು ಅವರೇ. 2014ರಲ್ಲಿ ನಿರ್ವಾಣ ತಂಡವನ್ನು ರಾಕ್ ಸಂಗೀತದ ದೊಡ್ಡ ಗೌರವವಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಪಟ್ಟಿಯಲ್ಲಿ ಚ್ಯಾನಿಂಗ್ ಇರಲಿಲ್ಲ. ಸಭೆಯಲ್ಲಿ ಕೂತಿದ್ದರು. ಆಗ ವೇದಿಕೆಯಿಂದ ಗ್ರೋಲ್ ಅವರೇ ಆ ನಡೆ ಚ್ಯಾನಿಂಗ್ ಅವರದ್ದು ಎಂದು ಎಲ್ಲರೆದುರು ಹೇಳಿ ನೆನೆದರು.

ಅಂದರೆ ನಾನು ಮಾಡಿದ ತಪ್ಪು, ಗ್ರೋಲ್ ತಿದ್ದಲು ಹೊರಟ ತಪ್ಪೇ. ಇನ್ನೂ ನಾಚಿಕೆ.

ಪ್ರಶ್ನೆ: ಈ ಆಲ್ಬಂ ಮಾಡಲು ಬರೀ 606 ಡಾಲರ್ ಖರ್ಚಾಯಿತು ಎಂದು ನನ್ನ ಮಗ ಹೇಳುತ್ತಾನೆ. ನಿಜವೇ, ಅಥವಾ ಅಭಿಮಾನಿಗಳು ಕಟ್ಟಿದ ಕತೆಯೇ?

ನಿಜ. ಪೂರ್ತಿ ಲೆಕ್ಕ ಬೇಕೆಂದರೆ 606 ಡಾಲರ್ 17 ಸೆಂಟ್. ಆ 17 ಸೆಂಟ್ ನನಗೆ ತುಂಬ ಇಷ್ಟ. ಕತೆ ಕಟ್ಟುವವರು ಸೊನ್ನೆಯಲ್ಲಿ ಮುಗಿಸುತ್ತಾರೆ, ಬಿಲ್ ಬರೆಯುವವರು ಮಾತ್ರ ಸೆಂಟ್ ಲೆಕ್ಕ ಇಡುತ್ತಾರೆ. ಕವರ್ ಹಿಂದೆಯೂ ಖರ್ಚು ಅಚ್ಚಾಗಿದೆ. ಸಿಯಾಟಲ್‌ನ ರೆಸಿಪ್ರೊಕಲ್ ರೆಕಾರ್ಡಿಂಗ್‌ನಲ್ಲಿ ಜ್ಯಾಕ್ ಎಂಡಿನೋ 600 ಡಾಲರ್‌ಗೆ ಧ್ವನಿ ಹಿಡಿದರು ಎಂಬ ಅರ್ಥದ ಸಾಲು. ಖರ್ಚನ್ನು ಹೀಗೆ ಎದೆ ತಟ್ಟಿ ಅಚ್ಚು ಹಾಕಿದ ಇನ್ನೊಂದು ಆಲ್ಬಂ ನನ್ನ ಕಪಾಟಿನಲ್ಲಿ ಇಲ್ಲ.

ಒಟ್ಟು ಕೆಲಸ ಸುಮಾರು 30 ಗಂಟೆ. ಭಾಗಿಸಿ ನೋಡಿ, ಗಂಟೆಗೆ 20 ಡಾಲರ್ ಚಿಲ್ಲರೆ. 1988ರ ಡಿಸೆಂಬರ್ ಕೊನೆಯಲ್ಲಿ ಶುರು, 1989ರ ಜನವರಿಯಲ್ಲಿ ಮುಕ್ತಾಯ. ಸ್ಟುಡಿಯೋ ಇದ್ದದ್ದು ಸಿಯಾಟಲ್‌ನ ಬ್ಯಾಲರ್ಡ್ ಎಂಬ ಭಾಗದಲ್ಲಿ, ಮೂರು ಮೂಲೆಯ ಪುಟ್ಟ ಕಟ್ಟಡ. ಯಂತ್ರ ಎಂಟು ಟ್ರ್ಯಾಕಿನದು.

ಎಂಟು ಟ್ರ್ಯಾಕ್ ಅಂದರೆ ಏನು ಎಂದು ಈಗಿನವರಿಗೆ ಹೇಳಬೇಕಾಗುತ್ತದೆ. ಟೇಪಿನ ಉದ್ದಕ್ಕೆ ಎಂಟು ಸಾಲುಗಳಿವೆ ಅಂದುಕೊಳ್ಳಿ. ಒಂದೊಂದು ಸಾಲಿಗೆ ಒಂದೊಂದು ಧ್ವನಿ. ಡ್ರಮ್‌ಗೆ ಐದಾರು ಮೈಕ್ ಇಟ್ಟರೂ ಐದಾರು ಸಾಲು ಕೊಡಲು ಆಗುವುದಿಲ್ಲ. ಕೊಟ್ಟರೆ ಗಿಟಾರ್ ಎಲ್ಲಿ, ಬೇಸ್ ಎಲ್ಲಿ, ಹಾಡುವವರ ದನಿ ಎಲ್ಲಿ? ಹಾಗಾಗಿ ಆ ಮೈಕ್‌ಗಳನ್ನೆಲ್ಲ ಅಲ್ಲೇ ಬೆರೆಸಿ ಎರಡು ಮೂರು ಸಾಲಿಗೆ ಇಳಿಸಬೇಕು. ಒಮ್ಮೆ ಬೆರೆಸಿದರೆ ಬೇರೆ ಮಾಡಲು ಬರುವುದಿಲ್ಲ. ಹಾಲಿಗೆ ಹಾಕಿದ ಸಕ್ಕರೆ ಅದು. ಡ್ರಮ್ ಎಷ್ಟು ಜೋರಿರಬೇಕು ಎಂದು ಗಿಟಾರ್ ಕೇಳಿಸಿಕೊಳ್ಳುವ ಮೊದಲೇ ತೀರ್ಮಾನ ಮಾಡಬೇಕು. ಎಂಡಿನೋ ಅಂಥ ತೀರ್ಮಾನ ಬೇಗ ಮಾಡುವ ಮನುಷ್ಯ. ಅವರೂ ಸ್ಕಿನ್ ಯಾರ್ಡ್ ಎಂಬ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದವರು. ಆಚೆ ಕಡೆ ನಿಂತ ಹುಡುಗರಿಗೆ ಏನು ಬೇಕು ಎಂದು ವಿವರಿಸಬೇಕಾಗಿರಲಿಲ್ಲ. ತಂಡದ ಹಾಡುಗಾರ, ಗಿಟಾರ್ ವಾದಕ ಕರ್ಟ್ ಕೋಬೇನ್ ಅವರ ಆಂಪ್ (ಗಿಟಾರ್ ಧ್ವನಿ ಜೋರು ಮಾಡುವ ಪೆಟ್ಟಿಗೆ) ರಿಪೇರಿಗೆ ಹೋಗಿದ್ದಾಗ ಎಂಡಿನೋ ತಮ್ಮದನ್ನೇ ಕೊಟ್ಟರು.

ಹಣ ಕಡಿಮೆ ಇತ್ತು, ಆದ್ದರಿಂದ ಧ್ವನಿ ಒರಟು ಎಂದು ಸುಮ್ನೆ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಒರಟು ಅವರಿಗೆ ಬೇಕಾಗಿತ್ತು. ಹಣ ಕಡಿಮೆ ಇದ್ದದ್ದರ ಗುರುತು ಬೇರೆ ಕಡೆ ಇದೆ: ಹಾಡುಗಳು ಬಿಗಿಯಾಗಿವೆ. ಗಂಟೆಗೆ 20 ಡಾಲರ್ ಮೀಟರ್ ಓಡುತ್ತಿರುವಾಗ ಸ್ಟುಡಿಯೋದಲ್ಲಿ ಕೂತು ಹಾಡು ಕಟ್ಟಲು ಆಗುವುದಿಲ್ಲ. ಮೊದಲೇ ನುಡಿಸಿ ನುಡಿಸಿ ಸವೆಸಿಕೊಂಡು ಬಂದಿರಬೇಕು. ಬಂದು, ಪ್ಲಗ್ ಚುಚ್ಚಿ, ನುಡಿಸಿ, ಹೋಗುವುದು. ನಮ್ಮ ಭಾಷೆಯಲ್ಲಿ ನಿರ್ವಾಣ ಅಂದರೆ ಮೋಕ್ಷವೂ ಹೌದು, ಮೈಮೇಲೆ ಬಟ್ಟೆ ಇಲ್ಲದಿರುವುದೂ ಹೌದು. ಈ ಆಲ್ಬಂಗೆ ಎರಡನೇ ಅರ್ಥವೇ ಹತ್ತಿರ.

ನಿಮ್ಮ ಮಗನಿಗೆ ಇನ್ನೊಂದು ಲೆಕ್ಕವನ್ನೂ ಹೇಳಿ. ‘ಬ್ಲೀಚ್’ಗೆ ಮುಂಚೆ, 1988ರ ಜನವರಿ 23ರಂದು ಇದೇ ಸ್ಟುಡಿಯೋದಲ್ಲಿ ಅವರು ಒಂದು ಡೆಮೊ, ಅಂದರೆ ಮಾದರಿ ಟೇಪ್, ಮಾಡಿದ್ದರು. ಕ್ರೋವರ್ ಡ್ರಮ್. ಒಂದೇ ಮಧ್ಯಾಹ್ನದಲ್ಲಿ ಹತ್ತು ಹಾಡು. ಖರ್ಚು 152 ಡಾಲರ್ 44 ಸೆಂಟ್. ಅಂದು ಸಂಜೆಯೇ ಟಕೋಮಾ ಊರಿನಲ್ಲಿ ಕಚೇರಿ ಕೂಡ ಕೊಟ್ಟರು. ಹುಡುಗರ ಹಾಡು ಎಂಡಿನೋಗೆ ಹಿಡಿಸಿತು. ಆ ಟೇಪನ್ನು, ಮುಂದೆ ಈ ಆಲ್ಬಂ ಹೊರತಂದ ಸಬ್ ಪಾಪ್ ಕಂಪನಿಯ ಜೊನಾಥನ್ ಪೋನ್‌ಮನ್ ಅವರಿಗೆ ಕೇಳಿಸಿದರು. ಮುಂದಿನದೆಲ್ಲ ಶುರುವಾದದ್ದು ಅಲ್ಲಿಂದ. ಕ್ರೋವರ್ ಬಾರಿಸಿದ ಆ ಎರಡು ಹಾಡುಗಳು ‘ಬ್ಲೀಚ್’ಗೆ ಬಂದದ್ದೂ ಈ ಡೆಮೊದಿಂದಲೇ. ಹಾಗೆ ನೋಡಿದರೆ 606 ಡಾಲರ್‌ಗೆ ಇದರ ಪಾಲನ್ನೂ ಸೇರಿಸಬೇಕು. ಆದರೆ 17 ಸೆಂಟ್‌ನ ಅಂದ ಹಾಳಾಗುತ್ತದೆ, ಬಿಡಿ.

ಪ್ರಶ್ನೆ: ಮುಂದಿನ ಕವರ್‌ನಲ್ಲಿ ನಾಲ್ಕು ಜನ ಇದ್ದಾರೆ. ನಿರ್ವಾಣ ಮೂವರ ತಂಡ ಅಲ್ವಾ? ನಾಲ್ಕನೆಯವರು ಯಾರು?

ಇದಕ್ಕೆ ಕಾದಿದ್ದೆ.

ಅವರು ಜೇಸನ್ ಎವರ್‌ಮನ್. ಹಿಂದಿನ ಕವರ್‌ನಲ್ಲಿ ಗಿಟಾರ್ ಎಂಬುದರ ಮುಂದೆ ಅವರ ಹೆಸರಿದೆ. ಮುಂದೆ ಅವರ ಉದ್ದ ಕೂದಲಿದೆ. ಆಲ್ಬಂನೊಳಗೆ ಮಾತ್ರ ಅವರು ನುಡಿಸಿದ ಒಂದು ಸ್ವರವೂ ಇಲ್ಲ.

ಅವರು ಮಾಡಿದ ಕೆಲಸ ಬೇರೆ. ಆ 606 ಡಾಲರ್ 17 ಸೆಂಟ್ ಕೊಟ್ಟವರು ಅವರು. ಕಂಪನಿಯ ಹತ್ತಿರ ಹಣವಿರಲಿಲ್ಲ, ಹುಡುಗರ ಹತ್ತಿರ ಮೊದಲೇ ಇರಲಿಲ್ಲ. ಎವರ್‌ಮನ್ ಅಲಾಸ್ಕಾದಲ್ಲಿ ಮೀನುಗಾರಿಕೆ ಕೆಲಸ ಮಾಡಿ ಕೂಡಿಟ್ಟಿದ್ದರು. ಡೆಮೊ ಕೇಳಿ ಮೆಚ್ಚಿದ್ದರು. ಬಿಲ್ ಕಟ್ಟಿದರು. ಎರಡನೇ ಗಿಟಾರ್‌ಗೆ ತಂಡಕ್ಕೂ ಸೇರಿದರು. ಆದರೆ ಅಷ್ಟರಲ್ಲಿ ಧ್ವನಿ ಹಿಡಿಯುವ ಕೆಲಸ ಮುಗಿದಿತ್ತು. ಹುಡುಗನಿಗೆ ತಾನೂ ನಮ್ಮವನೇ ಅನ್ನಿಸಲಿ ಎಂದು ಉಳಿದವರು ಅವರ ಹೆಸರನ್ನು ಹಾಕಿದರು.

ಈ ವೃತ್ತಿಯಲ್ಲಿ ಇದ್ದವಳಾಗಿ ಹೇಳುತ್ತೇನೆ, ನುಡಿಸಿದವರ ಹೆಸರು ಬಿಟ್ಟುಹೋಗುವುದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ನುಡಿಸದವರ ಹೆಸರನ್ನು ಪ್ರೀತಿಯಿಂದ ಸೇರಿಸಿದ್ದು ಅಪರೂಪ. ಸುಳ್ಳು ಹೌದು. ಆದರೆ ಎಂಥ ಒಳ್ಳೆಯ ಸುಳ್ಳು.

ಮುಂದಿನದು ಅಷ್ಟು ಒಳ್ಳೆಯದಲ್ಲ. 1989ರ ಬೇಸಿಗೆಯಲ್ಲಿ ತಂಡ ಅಮೆರಿಕದ ಊರೂರು ಸುತ್ತಿತು. ವ್ಯಾನಿನಲ್ಲಿ ಎವರ್‌ಮನ್‌ಗೂ ಉಳಿದವರಿಗೂ ಹೊಂದಲಿಲ್ಲ. ನ್ಯೂಯಾರ್ಕ್ ತಲುಪಿದ ಮೇಲೆ ಉಳಿದ ಕಚೇರಿಗಳನ್ನು ರದ್ದು ಮಾಡಿ, ದೇಶದ ಆ ತುದಿಯಿಂದ ಈ ತುದಿಗೆ ವ್ಯಾನ್ ಓಡಿಸಿಕೊಂಡು ಮನೆಗೆ ಬಂದರು. ದಾರಿಯುದ್ದಕ್ಕೂ ಹೆಚ್ಚು ಮಾತಿಲ್ಲ. ನೀನು ಇನ್ನು ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ. 606 ಡಾಲರ್ ಅವರಿಗೆ ಹಿಂದಿರುಗಲೂ ಇಲ್ಲ. ಸ್ಟುಡಿಯೋದಲ್ಲಿ ನಿರ್ವಾಣ ಜೊತೆ ಅವರು ನುಡಿಸಿದ್ದಕ್ಕೆ ಉಳಿದ ಗುರುತುಗಳಲ್ಲಿ ಒಂದು, ಕಿಸ್ ತಂಡದ ಹಾಡೊಂದನ್ನು ಇವರು ಮತ್ತೆ ಹಾಡಿದಾಗಿನದು.

ಆಮೇಲೆ ಸ್ವಲ್ಪ ಕಾಲ ಸೌಂಡ್‌ಗಾರ್ಡನ್ ತಂಡದಲ್ಲಿ ಬೇಸ್ ನುಡಿಸಿದರು. ಅಲ್ಲಿಂದಲೂ ಹೊರಗೆ. ಎರಡೂ ತಂಡ ಮುಂದೆ ಜಗತ್ತಿಗೆಲ್ಲ ಗೊತ್ತಾದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಮರುಗುತ್ತೀರೇನೋ, ತಡೆಯಿರಿ. ಎವರ್‌ಮನ್ ಮೂಗಿನ ರಿಂಗ್ ತೆಗೆದು ಅಮೆರಿಕದ ಸೇನೆ ಸೇರಿದರು. ರೇಂಜರ್ ಆದರು, ಆಮೇಲೆ ವಿಶೇಷ ಪಡೆಗೆ ಹೋದರು. ಅಫ್ಘಾನಿಸ್ತಾನ, ಇರಾಕ್ ಎರಡೂ ಕಡೆ ಕೆಲಸ ಮಾಡಿದರು. ನಲವತ್ತು ದಾಟಿದ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ ಪದವಿ ಪಡೆದರು. ಕವರ್ ಫೋಟೋದಲ್ಲಿ ಕೂದಲು ಬೀಸುತ್ತಿರುವ ಆ ಹುಡುಗನನ್ನು ಈಗ ಮತ್ತೊಮ್ಮೆ ನೋಡಿ.

ಫೋಟೋ ಎಂದಾಗ ನೆನಪಾಯಿತು. ಅದನ್ನು ತೆಗೆದವರು ಟ್ರೇಸಿ ಮರಾಂಡರ್, ಒಲಿಂಪಿಯಾ ಊರಿನ ಒಂದು ಕಲಾ ಗ್ಯಾಲರಿಯಲ್ಲಿ ತಂಡ ನುಡಿಸುತ್ತಿದ್ದಾಗ. ಕಪ್ಪು ಬಿಳುಪನ್ನು ಅದಲು ಬದಲು ಮಾಡಿ, ನೆಗೆಟಿವ್ ಹೇಗಿತ್ತೋ ಹಾಗೇ ಅಚ್ಚು ಹಾಕಿದ್ದಾರೆ. ಟ್ರೇಸಿ ಆಗ ಕೋಬೇನ್ ಅವರ ಗೆಳತಿ. ಅವರ ವಿಷಯ ಮುಂದೆ ಬರುತ್ತದೆ.

ಪ್ರಶ್ನೆ: ಆಲ್ಬಂನಲ್ಲಿ ಕರ್ಟ್ ಕೋಬೇನ್ ಹೆಸರು ತಪ್ಪಾಗಿ ಅಚ್ಚಾಗಿದೆ. ಪ್ರೂಫ್ ನೋಡುವವರು ಇರಲಿಲ್ಲವೇ?

ಅಚ್ಚಿನ ದೋಷ ಅಲ್ಲ, ಅವರ ಕುಚೇಷ್ಟೆ. ಕರ್ಟ್ ಎಂಬುದರ ಮಧ್ಯೆ ಒಂದು ಬೇಡದ ‘ಡಿ’ ಅಕ್ಷರ, ಕೋಬೇನ್ ಎಂಬುದಕ್ಕೆ ‘ಸಿ’ ಬದಲು ‘ಕೆ’. ಕನ್ನಡದಲ್ಲಿ ಬರೆದರೆ ಎರಡನೆಯದು ಗೊತ್ತೇ ಆಗುವುದಿಲ್ಲ. ನಮ್ಮ ಲಿಪಿ ಇಂಥ ಆಟಕ್ಕೆ ಬಗ್ಗುವುದಿಲ್ಲ. ಬೇಸ್ ನುಡಿಸಿದ ನೊವೊಸೆಲಿಕ್ ಅವರ ಮೊದಲ ಹೆಸರೂ ಅಲ್ಲಿ ಕ್ರಿಸ್ ಎಂದಿದೆ. 1993ರಲ್ಲಿ ಅವರು ತಮ್ಮ ಹುಟ್ಟು ಹೆಸರು ಕ್ರಿಸ್ಟ್ ಎಂಬುದಕ್ಕೆ ಮರಳಿದರು.

ಒಟ್ಟು ಲೆಕ್ಕ ಹಾಕಿ. ಗಿಟಾರ್ ನುಡಿಸಿದವರ ಹೆಸರು ಬೇಕೆಂದೇ ತಪ್ಪು. ನುಡಿಸದವರ ಹೆಸರು ಮಾತ್ರ ಅಕ್ಷರ ಅಕ್ಷರ ಸರಿ.

ಪ್ರಶ್ನೆ: ‘ಬ್ಲೀಚ್’ ಅಂದರೆ ಬಟ್ಟೆ ಬೆಳ್ಳಗೆ ಮಾಡುವ ದ್ರಾವಣ. ಆಲ್ಬಂಗೆ ಇದೆಂಥ ಹೆಸರು?

ಮೊದಲು ಇಡಬೇಕೆಂದಿದ್ದ ಹೆಸರು ‘ಟೂ ಮೆನಿ ಹ್ಯೂಮನ್ಸ್’. ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ಏಡ್ಸ್ ತಡೆಯುವ ಪ್ರಚಾರದ ಪೋಸ್ಟರ್ ಕಣ್ಣಿಗೆ ಬಿತ್ತು. ಹೆರಾಯಿನ್ ಚುಚ್ಚಿಕೊಳ್ಳುವವರು ಸೂಜಿಯನ್ನು ಮೊದಲು ಬ್ಲೀಚ್‌ನಿಂದ ತೊಳೆದುಕೊಳ್ಳಿ ಎಂದು ಅದು ಹೇಳುತ್ತಿತ್ತು. ಹೆಸರು ಅಲ್ಲಿಂದ ಬಂತು. ಕೋಬೇನ್ ಕೂಡ ಮುಂದೆ ಹೆರಾಯಿನ್ ಚಟಕ್ಕೆ ಸಿಕ್ಕಿದ್ದು ಗೊತ್ತಿರುವವರಿಗೆ ಇದನ್ನು ಓದಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನನಗಂತೂ ಆಗುತ್ತದೆ.

ಪ್ರಶ್ನೆ: ಗಿಟಾರ್ ಕಲಿಯುತ್ತಿದ್ದೇನೆ. ಮೊದಲ ಹಾಡು ‘ಬ್ಲೂ’ ಜೊತೆ ನುಡಿಸಲು ಹೋದರೆ ನನ್ನ ಶ್ರುತಿ ಹೊಂದುವುದೇ ಇಲ್ಲ. ತಪ್ಪು ಎಲ್ಲಿದೆ?

ತಪ್ಪು ನಿಮ್ಮದಲ್ಲ, ಅವರದು. ತಂತಿಗಳನ್ನು ಇಳಿಸಿ ನುಡಿಸುವುದು ಆಗಿನ ಸಿಯಾಟಲ್ ತಂಡಗಳ ಅಭ್ಯಾಸ. ಎಲ್ಲಕ್ಕಿಂತ ದಪ್ಪ ತಂತಿಯನ್ನು ‘ಇ’ ಸ್ವರದಿಂದ ‘ಡಿ’ ಸ್ವರಕ್ಕೆ ಇಳಿಸುವುದು. ಇವರೂ ಇಳಿಸಲು ಹೊರಟರು. ಮೊದಲೇ ಇಳಿಸಿಟ್ಟದ್ದು ಮರೆತುಹೋಗಿತ್ತು. ಇಳಿದದ್ದನ್ನೇ ಮತ್ತೆ ಇಳಿಸಿ ‘ಸಿ’ ತನಕ ಹೋದರು. ಆ ದಿನ ಹಿಡಿದದ್ದರಲ್ಲಿ ಹೆಚ್ಚಿನದು ಕೆಲಸಕ್ಕೆ ಬರಲಿಲ್ಲ. ‘ಬ್ಲೂ’ ಒಂದೇ ಉಳಿಯಿತು, ಅದೂ ಆಲ್ಬಂನ ಮೊದಲ ಹಾಡಾಗಿ. ಆ ಹಾಡಿನ ಬೇಸ್ ಕೆಸರಿನಲ್ಲಿ ಕಾಲೆಳೆದುಕೊಂಡು ನಡೆದ ಹಾಗೆ ಕೇಳುವುದು ಇದಕ್ಕೇ. ತಂತಿ ಅಷ್ಟು ಸಡಿಲವಾದರೆ ಅದು ಸ್ವರಕ್ಕಿಂತ ಜಾಸ್ತಿ ಅಲುಗಾಡುತ್ತದೆ.

ನೀವು ಎಲ್ಲ ತಂತಿಗಳನ್ನೂ ಒಂದು ಪೂರ್ತಿ ಮೆಟ್ಟಿಲು (ಎರಡು ಫ್ರೆಟ್ ಅಷ್ಟು) ಇಳಿಸಿ, ದಪ್ಪ ತಂತಿಯನ್ನು ಮತ್ತೂ ಅಷ್ಟೇ ಇಳಿಸಿ. ಸ್ವಲ್ಪ ದಪ್ಪ ತಂತಿ ಹಾಕಿದರೆ ಒಳ್ಳೆಯದು, ಇಲ್ಲದಿದ್ದರೆ ಪಟಪಟ ಸದ್ದು ಬರುತ್ತದೆ.

ಪ್ರಶ್ನೆ: ನೀವು ಹೊಗಳಿದ್ದಕ್ಕೆ ಕೇಳಿದೆ. ಕ್ಷಮಿಸಿ, ಬರೀ ಗದ್ದಲ. ಒಂದು ಮಾತೂ ಅರ್ಥವಾಗಲಿಲ್ಲ. ನನಗೆ ವಯಸ್ಸಾಗಿದೆಯೇ?

ವಯಸ್ಸಾಗಿರಬಹುದು, ಆದರೆ ಅದು ಕಾರಣವಲ್ಲ. ಮಾತು ಅರ್ಥವಾಗಬೇಕೆಂದು ಬರೆದವರಿಗೇ ಇರಲಿಲ್ಲ. ಹೆಚ್ಚಿನ ಸಾಲುಗಳನ್ನು ಧ್ವನಿ ಹಿಡಿಯುವ ಹಿಂದಿನ ರಾತ್ರಿ ಅಥವಾ ಸ್ಟುಡಿಯೋಗೆ ಹೋಗುವ ದಾರಿಯಲ್ಲಿ ಬರೆದೆ ಎಂದು ಕೋಬೇನ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ‘ಸ್ಕೂಲ್’ ಹಾಡನ್ನು ನೋಡಿ, ಪೂರ್ತಿ ಹಾಡಿಗೆ ನಾಲ್ಕೈದು ಸಾಲು ಮಾತು. ಸಿಯಾಟಲ್‌ನ ಸಂಗೀತದವರ ಗುಂಪುಗಾರಿಕೆ ಕಂಡು, ಮತ್ತೆ ಹೈಸ್ಕೂಲಿಗೆ ಬಂದ ಹಾಗಾಯಿತಲ್ಲ ಎಂಬ ಸಿಟ್ಟು. ಅಷ್ಟೇ ಹೇಳಿ ಕಿರುಚಿದ್ದಾರೆ. ಆ ಕಿರುಚು ಮಾತ್ರ ನಕಲಿ ಅಲ್ಲ. ಮೈಕ್ ಮುಂದೆ ಸಾವಿರ ಜನ ಕಿರುಚಿದ್ದನ್ನು ಕೇಳಿದ್ದೇನೆ, ಗಂಟಲಿಂದ ಬಂದದ್ದು ಯಾವುದು, ಹೊಟ್ಟೆಯಿಂದ ಬಂದದ್ದು ಯಾವುದು ಎಂದು ಮೀಟರ್ ನೋಡದೇ ಹೇಳಬಲ್ಲೆ.

ನೀವು ಮೊದಲಿಂದ ಕೇಳಬೇಡಿ. ನೇರ ಮೂರನೇ ಹಾಡಿಗೆ ಹೋಗಿ, ‘ಅಬೌಟ್ ಎ ಗರ್ಲ್’. ಕಿರುಚಾಟವಿಲ್ಲ. ಎರಡು ಸ್ವರಮೇಳಗಳ ನಡುವೆ ಉಯ್ಯಾಲೆಯ ಹಾಗೆ ಹೋಗಿ ಬರುವ ಗಿಟಾರ್, ಅದರ ಮೇಲೆ ಬೀಟಲ್ಸ್ ನೆನಪಿಸುವ ಒಂದು ಸರಳ ರಾಗ. ಇಂಥ ಸಿಹಿ ಹಾಡು ಹಾಕಿದರೆ ಸಬ್ ಪಾಪ್ ಕೇಳುಗರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ ಇದ್ದೀತು, ಆದರೂ ಹಾಕಿದರು. ಹಾಡಿನಲ್ಲಿರುವ ಹುಡುಗಿ ಯಾರು ಗೊತ್ತಾ? ಮೇಲೆ ಹೇಳಿದ ಟ್ರೇಸಿ, ಕವರ್ ಫೋಟೋ ತೆಗೆದವರು. ಅಂದರೆ ಆಲ್ಬಂನ ಹೊರಗೂ ಅವರೇ, ಒಳಗೂ ಅವರೇ. 1993ರ ನವೆಂಬರ್‌ನಲ್ಲಿ ಎಂಟಿವಿಗಾಗಿ ವಿದ್ಯುತ್ ಗಿಟಾರ್‌ಗಳ ಅಬ್ಬರವಿಲ್ಲದೆ ತಂಡ ಕಚೇರಿ ಕೊಟ್ಟಾಗ ಮೊದಲು ಹಾಡಿದ್ದು ಇದನ್ನೇ. ಮೊದಲ ಆಲ್ಬಂನದು ಎಂದು ಕೋಬೇನ್ ಅಲ್ಲೇ ಹೇಳಿದರು. ಹೆಚ್ಚಿನ ಜನರ ಹತ್ತಿರ ಅದು ಇಲ್ಲ ಎಂದೂ ಸೇರಿಸಿದರು.

ಆ ಹಾಡು ಹಿಡಿಸಿದರೆ ‘ಲವ್ ಬಝ್’ ಕೇಳಿ. ಅದು ಇವರದಲ್ಲ, ಶಾಕಿಂಗ್ ಬ್ಲೂ ಎಂಬ ಡಚ್ ತಂಡದ್ದು. ನಿರ್ವಾಣ ತಂಡದ ಮೊದಲ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಕೂಡ ಇದೇ, 1988ರ ನವೆಂಬರ್‌ನಲ್ಲಿ ಸಾವಿರ ಪ್ರತಿ, ಒಂದೊಂದಕ್ಕೂ ಕೈಯಲ್ಲಿ ನಂಬರ್ ಬರೆದದ್ದು. ಅದೂ ಹಿಡಿಸದಿದ್ದರೆ ಬಿಟ್ಟುಬಿಡಿ. ಎರಡನೇ ಬದಿಯಲ್ಲಿ ನನಗೇ ಹಿಡಿಸದ ಹಾಡುಗಳಿವೆ. ‘ಸಿಫ್ಟಿಂಗ್’ ಬರುವಾಗ ನಾನು ಎದ್ದು ಹೋಗಿ ನೀರು ಕುಡಿದು ಬರುತ್ತೇನೆ.

ಪ್ರಶ್ನೆ: ಬಿಡುಗಡೆಯಾದಾಗ ಇದು ಸೋತ ಆಲ್ಬಂ ಎಂದು ಓದಿದ್ದೆ. ಹೌದೇ?

ಸಣ್ಣ ಕಂಪನಿಯ ಅಳತೆಯಲ್ಲಿ ಸೋತದ್ದಲ್ಲ. ಮೊದಲ ಸಾವಿರ ಪ್ರತಿ ಬಿಳಿ ವಿನೈಲ್‌ನಲ್ಲಿ ಬಂದವು. 1989ರ ಜೂನ್ 9ರಂದು ಸಿಯಾಟಲ್‌ನ ಮೂರ್ ಥಿಯೇಟರ್‌ನಲ್ಲಿ ಸಬ್ ಪಾಪ್ ತಂಡಗಳ ಕಚೇರಿ ಇತ್ತು, ಅಲ್ಲೇ ಮಾರಾಟ ಶುರುವಾಯಿತು. ‘ನೆವರ್‌ಮೈಂಡ್’ ಬರುವ ತನಕ, ಅಂದರೆ ಎರಡು ವರ್ಷದ ಮೇಲೆ, ಸುಮಾರು 40 ಸಾವಿರ ಪ್ರತಿ ಹೋಗಿದ್ದವು. 606 ಡಾಲರ್ ಹಾಕಿದ್ದಕ್ಕೆ ಇದಕ್ಕಿಂತ ಇನ್ನೇನು ಬೇಕು? ಅಮೆರಿಕದ ಆಲ್ಬಂ ಮಾರಾಟದ ದೊಡ್ಡ ಪಟ್ಟಿಯಲ್ಲಿ ಮಾತ್ರ ಆಗ ಹೆಸರಿಲ್ಲ. ‘ನೆವರ್‌ಮೈಂಡ್’ ಗೆದ್ದ ಮೇಲೆ ಜನ ಹಿಂದಕ್ಕೆ ಹೋಗಿ ಇದನ್ನೂ ಕೊಂಡರು. 1992ರಲ್ಲಿ ಪಟ್ಟಿಯ 89ನೇ ಜಾಗಕ್ಕೆ ಬಂತು. 1995ರಲ್ಲಿ ಪ್ಲಾಟಿನಂ ಆಯಿತು, ಅಂದರೆ ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಯ ಲೆಕ್ಕ. ಸಬ್ ಪಾಪ್ ಹೊರತಂದದ್ದರಲ್ಲಿ ಇಷ್ಟು ಮಾರಾಟವಾದದ್ದು ಬೇರೆ ಇಲ್ಲ.

ಸ್ವಾರಸ್ಯ ಇರುವುದು ಒಪ್ಪಂದದಲ್ಲಿ. ಒಂದು ರಾತ್ರಿ ನೊವೊಸೆಲಿಕ್ ಚೆನ್ನಾಗಿ ಕುಡಿದು ಸಬ್ ಪಾಪ್‌ನ ಬ್ರೂಸ್ ಪ್ಯಾವಿಟ್ ಅವರ ಮನೆ ಬಾಗಿಲು ಬಡಿದು, ನಮಗೆ ಬರವಣಿಗೆಯಲ್ಲಿ ಒಪ್ಪಂದ ಬೇಕು ಎಂದು ಹಟ ಹಿಡಿದರು. ಆರಡಿ ಏಳಿಂಚಿನ ಮನುಷ್ಯ ಬಾಗಿಲಲ್ಲಿ ನಿಂತರೆ ಇಲ್ಲ ಅನ್ನುವುದು ಹೇಗೆ? ಒಪ್ಪಂದ ಆಯಿತು. ಮೊದಲ ವರ್ಷಕ್ಕೆ 600 ಡಾಲರ್. ಮತ್ತೆ ಅದೇ 600! ಆ ಕಾಗದ ಇತ್ತು ಎಂಬ ಕಾರಣಕ್ಕೇ, ತಂಡ ಮುಂದೆ ದೊಡ್ಡ ಕಂಪನಿಗೆ ಹೋಗುವಾಗ ಸಬ್ ಪಾಪ್‌ಗೆ ಹಣ ಬಂತು, ‘ನೆವರ್‌ಮೈಂಡ್’ ಮಾರಾಟದಲ್ಲಿ ಪಾಲೂ ಬಂತು. ಸಾಲದಲ್ಲಿದ್ದ ಕಂಪನಿ ಉಸಿರಾಡಿತು. ಕುಡಿದವರ ಹಟದಿಂದ ಉದ್ಧಾರವಾದ ಕಂಪನಿ ಇದೊಂದೇ ಇರಬೇಕು.

ಪ್ರಶ್ನೆ: ಯಾವ ಮುದ್ರಣ ಕೊಳ್ಳಲಿ?

2009ರದು. ಎಂಡಿನೋ ಅವರ ಉಸ್ತುವಾರಿಯಲ್ಲೇ ಧ್ವನಿಯನ್ನು ಹೊಸದಾಗಿ ಸರಿಪಡಿಸಿದ್ದು. ಜೊತೆಗೆ 1990ರ ಫೆಬ್ರವರಿಯಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಕೊಟ್ಟ ಕಚೇರಿಯೂ ಇದೆ. ಚ್ಯಾನಿಂಗ್ ಡ್ರಮ್. ಈ ಸಲ ನೋಡಿಕೊಂಡೇ ಬರೆದಿದ್ದೇನೆ.

ಪ್ರಶ್ನೆ: ನೀವು ಪ್ರತಿ ಸಲ ಹೆಸರು, ಹೆಸರು ಅನ್ನುತ್ತೀರಿ. ಹಾಡು ಚೆನ್ನಾಗಿದ್ದರೆ ಸಾಲದೇ? ಹಿಂದಿನ ಕವರ್ ಯಾರು ಓದುತ್ತಾರೆ?

ಯಾರ ಹೆಸರು ಇರಬೇಕಿತ್ತೋ ಅವರು ಓದುತ್ತಾರೆ.

ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಂದು ಕ್ಯಾಸೆಟ್‌ಗೆ ಧ್ವನಿ ಹಿಡಿದೆ. ಎಂಟು ಹಾಡು, ಹನ್ನೊಂದು ರಾತ್ರಿ. ಕೊನೆಯ ರಾತ್ರಿ ಟೇಪ್ ಯಂತ್ರದ ಬೆಲ್ಟ್ ಕಿತ್ತುಹೋಗಿ, ಸುರುಳಿಯನ್ನು ಬೆರಳಲ್ಲಿ ತಿರುಗಿಸಿ ಹಿಂದಕ್ಕೆ ಸುತ್ತಿದ್ದೆ. ಕ್ಯಾಸೆಟ್ ಬಂದಾಗ ಒಳಗಿನ ಕಾಗದವನ್ನು ಬಸ್‌ನಲ್ಲಿ ನಿಂತೇ ಬಿಡಿಸಿದೆ. ಧ್ವನಿಮುದ್ರಣ ಎಂಬುದರ ಮುಂದೆ ಸ್ಟುಡಿಯೋ ಮಾಲೀಕರ ಹೆಸರಿತ್ತು. ಅವರು ಆ ಹನ್ನೊಂದು ರಾತ್ರಿಯಲ್ಲಿ ಒಮ್ಮೆ ಬಂದಿದ್ದರು, ಬೀಗದ ಕೈ ಕೇಳಲು. ಕೇಳಿದ್ದಕ್ಕೆ, ಅಯ್ಯೋ ಅದನ್ನೆಲ್ಲ ಯಾರು ಓದುತ್ತಾರೆ ಎಂದರು. ನಿಮ್ಮದೇ ಮಾತು. ಆ ಕ್ಯಾಸೆಟ್ ಈಗಲೂ ನನ್ನ ಹತ್ತಿರ ಇದೆ. ಕಾಗದದ ಮೇಲೆ ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದುಕೊಂಡಿದ್ದೇನೆ, ಸಣ್ಣಕ್ಷರದಲ್ಲೇ.

ಅದಕ್ಕೇ ಎವರ್‌ಮನ್ ಹೆಸರಿನ ಮುಂದೆ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಪ್ರಶ್ನೆ: ಮೊದಲ ಡೆಮೊದಲ್ಲಿ ಟೇಪ್ ಸಾಲದೆ ಒಂದು ಹಾಡು ಅರ್ಧಕ್ಕೆ ನಿಂತಿತು ಎಂದು ಕೇಳಿದ್ದೇನೆ. ಅದು ಎಲ್ಲಾದರೂ ಸಿಗುತ್ತದೆಯೇ?

ಸಿಗುತ್ತದೆ. ಹಾಡಿನ ಹೆಸರು ‘ಪೆನ್ ಕ್ಯಾಪ್ ಚ್ಯೂ’. ಹತ್ತು ಹಾಡಿನಲ್ಲಿ ಕೊನೆಯದು. ಟೇಪ್ ಸೆಕೆಂಡಿಗೆ 15 ಇಂಚು ಓಡಿದರೆ ಒಂದು ದೊಡ್ಡ ಸುರುಳಿ ಬರುವುದು ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇವರು ಒಂದೇ ಸುರುಳಿಯಲ್ಲಿ ಹತ್ತೂ ಹಾಡು ತುರುಕಲು ನೋಡಿದರು. ಕೊನೆಯದರ ಮಧ್ಯೆ ಟೇಪ್ ಮುಗಿಯಿತು. ಇನ್ನೊಂದು ಸುರುಳಿ ಕೊಳ್ಳುವಷ್ಟು ದುಡ್ಡು ಬಿಚ್ಚಲು ಯಾರೂ ತಯಾರಿರಲಿಲ್ಲ. ಎಂಡಿನೋ ಅದನ್ನು ಎಸೆಯಲಿಲ್ಲ. ಟೇಪ್ ಮುಗಿಯುವ ಸ್ವಲ್ಪ ಮೊದಲು ಧ್ವನಿಯನ್ನು ಮೆಲ್ಲಗೆ ಇಳಿಸಿ, ಹಾಡು ಹಾಗೇ ಇರಬೇಕಿತ್ತು ಅನ್ನುವ ಹಾಗೆ ಮಾಡಿದರು. ನಾನೂ ಎಷ್ಟೋ ಸಲ ಮಾಡಿದ ಉಪಾಯ ಇದು. 2004ರಲ್ಲಿ ಬಂದ ‘ವಿತ್ ದಿ ಲೈಟ್ಸ್ ಔಟ್’ ಎಂಬ ಪೆಟ್ಟಿಗೆಯ ಮೊದಲ ಡಿಸ್ಕ್‌ನಲ್ಲಿ ಇದೆ. ಕೊನೆಯ ಕೆಲವು ಸೆಕೆಂಡ್ ಹೆಡ್‌ಫೋನ್ ಹಾಕಿ ಕೇಳಿ. ಕೋಬೇನ್ ಇನ್ನೂ ಹಾಡುತ್ತಲೇ ಇರುತ್ತಾರೆ.